ಗಾಡಿ ನಿಂತರಷ್ಟೇ ಸ್ಟೇಶನ್

ದಿನವೂ ಹೋಗಿಬರುವವರ ರೈಲು ನಿಲ್ದಾಣ ಬೆಳೆಯುವುದು ಹೇಗೆ?



ನೀವು ಕುಂದಗೋಳ ತಾಲೂಕಿನ ಯರಗುಪ್ಪಿಯವರು ಎಂದಿಟ್ಟುಕೊಳ್ಳಿ. ಪಿಯುಸಿ ಮುಗಿದಿದೆ. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿದೆ. ಮನೆಯಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಹುಬ್ಬಳ್ಳಿಯಲ್ಲೇ ಉಳಿದರೆ ಖರ್ಚೆಷ್ಟು? ದಿನಾ ಹೋಗಿಬರಲು ಆಗುತ್ತದೆಯೇ? ಎರಡನೆಯ ಪ್ರಶ್ನೆಗೆ ‘ಆಗುತ್ತದೆ’ ಎಂಬ ಉತ್ತರ ಬಂದರೆ ಓದು ಮುಂದುವರಿಯುತ್ತದೆ. ‘ಆಗುವುದಿಲ್ಲ’ ಎಂದಾದರೆ ಎಷ್ಟೋ ಮನೆಗಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳ ಓದು, ಅಲ್ಲಿಗೇ ನಿಂತುಹೋಗುತ್ತದೆ.

ಯರಗುಪ್ಪಿಯಲ್ಲಿ ರೈಲು ನಿಲ್ದಾಣವಿಲ್ಲ. ಬಸ್ಸಿನಲ್ಲೋ ಟಂಟಂನಲ್ಲೋ ಕುಂದಗೋಳಕ್ಕೆ ಬಂದು, ಅಲ್ಲಿ ಗಾಡಿ ಹಿಡಿಯಬೇಕು. ಕುಂದಗೋಳದಿಂದ ಹುಬ್ಬಳ್ಳಿಗೆ ಸುಮಾರು 20 ಕಿಲೋಮೀಟರ್. ಅಷ್ಟೇ ದೂರದಲ್ಲಿರುವ ಜಪಾನಿನ ಒಂದು ಉಪನಗರ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ಕಾಯುವುದರೊಳಗೆ ಎರಡು ಗಾಡಿಗಳು ಬಂದುಹೋಗಿರುತ್ತವೆ. ಅಲ್ಲಿನ ಹುಡುಗ ವೇಳಾಪಟ್ಟಿ ನೋಡದೆ ಮನೆ ಬಿಡಬಹುದು. ನಮ್ಮ ಹುಡುಗನಿಗೆ ಒಂದು ಗಾಡಿ ತಪ್ಪಿದರೆ ಒಂದು ದಿನದ ಪಾಠವೇ ತಪ್ಪಬಹುದು.

ಈ ವ್ಯತ್ಯಾಸಕ್ಕೆ ಕಾರಣವೇನು? ಅವರು ಶ್ರೀಮಂತರು, ನಾವು ಬಡವರು ಎಂದು ಹೇಳಿ ಮುಗಿಸಬಹುದು. ಆದರೆ ಅದು ಅರ್ಧ ಉತ್ತರ. ಉಳಿದರ್ಧ ಹಳಿಯ ಮೇಲಿನ ಗಣಿತದಲ್ಲಿದೆ, ಇತಿಹಾಸದಲ್ಲಿದೆ, ಮತ್ತು ಒಂದು ಸರಳವಾದ ವಿಚಾರದಲ್ಲಿದೆ. ಆ ವಿಚಾರ ಇದು: ನಿಲ್ದಾಣವೆಂದರೆ ಕಟ್ಟಡವಲ್ಲ. ಜನರಿಗೆ ಬೇಕಾದ ಹೊತ್ತಿನಲ್ಲಿ, ಬೇಕಾದಷ್ಟು ಸಲ ಗಾಡಿ ನಿಲ್ಲುವ ಜಾಗವೇ ನಿಲ್ದಾಣ.

ಬರಗಾಲ ತಂದ ಹಳಿ

ಮೊದಲು ನಮ್ಮ ಹಳಿ ಯಾಕೆ ಬಂತು ಎಂಬುದನ್ನು ನೋಡೋಣ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಭೀಕರ ಬರಗಾಲದ ಬಗ್ಗೆ ನೀವು ಪಠ್ಯದಲ್ಲಿ ಓದಿರುತ್ತೀರಿ. ಒಂದು ಕಡೆ ಕಾಳು ಇದ್ದರೂ ಇನ್ನೊಂದು ಕಡೆಗೆ ಸಾಗಿಸಲು ದಾರಿಯಿರಲಿಲ್ಲ. ಎತ್ತಿನ ಗಾಡಿಯಲ್ಲಿ ಸಾಗಿಸೋಣವೆಂದರೆ ಎತ್ತುಗಳಿಗೇ ಮೇವು, ನೀರು ಇಲ್ಲ. ಈ ಅನುಭವದ ನಂತರ ಬರಪೀಡಿತ ಸೀಮೆಗಳಿಗೆ ರೈಲು ಹಾಕಬೇಕೆಂಬ ಒತ್ತಾಯ ಬಲವಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕದಲ್ಲಿ ಹುಬ್ಬಳ್ಳಿ ಅದರ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. 1885ರಲ್ಲಿ ಅಲ್ಲಿ ರೈಲ್ವೆ ಕಾರ್ಖಾನೆ ಶುರುವಾಯಿತು. ಒಂದು ದಿಕ್ಕಿಗೆ ಗೋವೆಯ ಮರ್ಮಗೋವಾ ಬಂದರಿನ ಕಡೆ, ಇನ್ನೊಂದು ದಿಕ್ಕಿಗೆ ಹರಿಹರದ ಮೂಲಕ ಮೈಸೂರು ಸೀಮೆಯ ಕಡೆ ಹಳಿ ಚಾಚಿಕೊಂಡಿತು.

ಬರದ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅದು ಹತ್ತಿ. ಧಾರವಾಡ ಜಿಲ್ಲೆಯ ಎರೆ ಭೂಮಿಯ ಹತ್ತಿ ಬಂದರಿಗೆ ಹೋಗಬೇಕಿತ್ತು. ಹುಬ್ಬಳ್ಳಿಯಿಂದ ಹಾವೇರಿಯ ಕಡೆ ಹೊರಟರೆ ಕುಂದಗೋಳ, ಸಂಶಿ, ಗುಡಗೇರಿ, ಯಲವಿಗಿ, ಕರಜಗಿ ಎಂದು ಸಾಲಾಗಿ ನಿಲ್ದಾಣಗಳು ಬರುತ್ತವೆ. ಇವು ಹತ್ತಿ, ಕಾಳು, ಮೆಣಸಿನಕಾಯಿ ಬೆಳೆಯುವ ಸೀಮೆಯ ನಡುವೆ ಇವೆ. ಕುಂದಗೋಳ ಆಗ ಬ್ರಿಟಿಷರ ನೇರ ಆಡಳಿತದಲ್ಲಿ ಇರಲಿಲ್ಲ. ಜಮಖಂಡಿ ಸಂಸ್ಥಾನಕ್ಕೆ ಸೇರಿದ ತಾಲೂಕಾಗಿತ್ತು. ಆದರೂ ಹಳಿ ಅದರ ಮೂಲಕವೇ ಹಾದುಹೋಯಿತು.

ಅಂದರೆ ನಮ್ಮ ಕಡೆಯ ನಿಲ್ದಾಣಗಳು ಹುಟ್ಟಿದ್ದು ಮುಖ್ಯವಾಗಿ ಮಾಲಿಗಾಗಿ. ಮಾಲು ಕಾಯುತ್ತದೆ. ಹತ್ತಿಯ ಅಂಡಿಗೆಗೆ ಎಂಟು ಗಂಟೆಗೆ ಕಾಲೇಜಿಲ್ಲ. ಮಾಲಿಗಾಗಿ ಹಾಕಿದ ಹಳಿಯ ಮೇಲೆ ಮನುಷ್ಯರೂ ಓಡಾಡಿದರು, ನಿಜ. ಆದರೆ ದಿನವೂ ಹೋಗಿಬರುವವರ ಲೆಕ್ಕ ಆ ಯೋಜನೆಯ ನಡುವೆ ಇರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

ಎದುರು ದಿಕ್ಕಿನ ಪ್ರಯಾಣಿಕರು

ಹಾಗಾದರೆ ಕುಂದಗೋಳದ ನಿಲ್ದಾಣವನ್ನು ದಿನವಹಿ ಬಳಸಿದವರು ಯಾರೂ ಇರಲಿಲ್ಲವೇ? ಇದ್ದರು. ಅವರಲ್ಲಿ ಒಬ್ಬರ ಹೆಸರು ನಿಮಗೆಲ್ಲ ಗೊತ್ತು: ಗಂಗೂಬಾಯಿ ಹಾನಗಲ್.

ಕುಂದಗೋಳದ ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು, ಹುಟ್ಟಿದ್ದು 1886ರಲ್ಲಿ. ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ, 1930ರ ದಶಕದಲ್ಲಿ ಅವರು ಹುಟ್ಟೂರಿನಲ್ಲಿ ನೆಲೆಸಿದ್ದರು. ಗದಗಿನ ಹುಡುಗ ಭೀಮಸೇನ ಜೋಶಿ 1936ರಲ್ಲಿ ಅವರ ಮನೆ ಸೇರಿ ಗುರುಸೇವೆ ಮಾಡುತ್ತ ಕಲಿಯತೊಡಗಿದ. ಹುಬ್ಬಳ್ಳಿಯಲ್ಲಿ ಸಂಸಾರವಿದ್ದ ಗಂಗೂಬಾಯಿಯವರಿಗೆ ಹಾಗೆ ಗುರುಗಳ ಮನೆಯಲ್ಲೇ ಇರಲು ಸಾಧ್ಯವಿರಲಿಲ್ಲ. ಅವರು ರೈಲು ಹಿಡಿದರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರೈಲಿನಲ್ಲೇ ಮರಳುತ್ತಿದ್ದರು. ಮರಳುವಾಗ ಭೀಮಸೇನರು ಅವರನ್ನು ಸ್ಟೇಶನ್ನಿನವರೆಗೆ ಕಳಿಸಲು ಬರುತ್ತಿದ್ದರೆಂದು ಸಂಗೀತಪ್ರಿಯರು ಇಂದಿಗೂ ನೆನೆಯುತ್ತಾರೆ. ಮುಂದೆ ಒಬ್ಬರು ಪದ್ಮವಿಭೂಷಣರಾದರು, ಇನ್ನೊಬ್ಬರು ಭಾರತರತ್ನರಾದರು.

ಇದನ್ನು ಸಂಗೀತದ ಕಥೆಯಾಗಿ ನೀವು ಕೇಳಿರಬಹುದು. ಈಗ ರೈಲಿನ ಕಥೆಯಾಗಿ ನೋಡಿ. ಇಲ್ಲಿ ಎರಡು ಸಂಗತಿಗಳಿವೆ.

ಒಂದು: ಹೋಗಲು ಒಂದು ಗಾಡಿ, ಪಾಠ ಮುಗಿದ ಮೇಲೆ ಬರಲು ಇನ್ನೊಂದು ಗಾಡಿ ಇತ್ತು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಆ ಕಲಿಕೆ ಹಾಗೆ ನಡೆಯುತ್ತಿರಲಿಲ್ಲ. ಎರಡು: ಅವರು ಹೋಗುತ್ತಿದ್ದುದು ಹಳ್ಳಿಯಿಂದ ಪಟ್ಟಣಕ್ಕಲ್ಲ, ಪಟ್ಟಣದಿಂದ ಸಣ್ಣ ಊರಿಗೆ. ಕುಂದಗೋಳದಲ್ಲಿ ಒಬ್ಬ ಗುರು ಇದ್ದುದರಿಂದ ಜನಪ್ರವಾಹದ ಎದುರು ದಿಕ್ಕಿಗೆ ಒಬ್ಬ ಪ್ರಯಾಣಿಕರು ಹುಟ್ಟಿದರು. ಈ ‘ಎದುರು ದಿಕ್ಕಿನ ಪ್ರಯಾಣಿಕರು’ ರೈಲ್ವೆಯ ಲೆಕ್ಕದಲ್ಲಿ ಎಷ್ಟು ಬೆಲೆಯುಳ್ಳವರು ಎಂಬುದನ್ನು ತಿಳಿಯಲು ನಾವು ಸ್ವಲ್ಪ ಹೊತ್ತು ಜಪಾನಿಗೆ ಹೋಗಿಬರಬೇಕು.

ಒಸಾಕಾದ ಒಬ್ಬ ಬ್ಯಾಂಕ್ ನೌಕರ

ಜಪಾನಿನ ಮೊದಲ ರೈಲು ಓಡಿದ್ದು 1872ರಲ್ಲಿ, ಟೋಕಿಯೋದ ಶಿಂಬಾಶಿಯಿಂದ ಯೊಕೊಹಾಮಾಕ್ಕೆ. ಮುಂಬಯಿ–ಠಾಣೆ ನಡುವೆ 1853ರಲ್ಲೇ ರೈಲು ಓಡಿದ್ದನ್ನು ನೆನೆದರೆ, ಈ ವಿಷಯದಲ್ಲಿ ಅವರು ನಮಗಿಂತ ಕಿರಿಯರು. ಆದರೆ ಉಪನಗರ ರೈಲಿನ ವಿಚಾರದಲ್ಲಿ ಅವರು ಒಂದು ಹೊಸ ದಾರಿ ಹಿಡಿದರು. ಆ ದಾರಿ ತೋರಿದವರಲ್ಲಿ ಪ್ರಮುಖ ಕೊಬಾಯಾಶಿ ಇಚಿಜೊ. ಹುಟ್ಟಿದ್ದು 1873ರಲ್ಲಿ. ಮಿತ್ಸುಯಿ ಬ್ಯಾಂಕಿನಲ್ಲಿ ನೌಕರಿ ಮಾಡಿದ್ದವನು.

ಅವನ ಕಂಪನಿ 1910ರ ಮಾರ್ಚ್ 10ರಂದು ಒಸಾಕಾ ನಗರದ ಉಮೆದಾದಿಂದ ತಾಕಾರಾಜುಕಾ ಎಂಬ ಬಿಸಿನೀರಿನ ಬುಗ್ಗೆಗಳ ಊರಿಗೆ ವಿದ್ಯುತ್ ರೈಲು ಓಡಿಸಿತು. ದೂರ ಸುಮಾರು 25 ಕಿ.ಮೀ. ಹುಬ್ಬಳ್ಳಿಯಿಂದ ಕುಂದಗೋಳಕ್ಕಿಂತ ತುಸು ಹೆಚ್ಚು, ಅಷ್ಟೆ. ದಾರಿಯುದ್ದಕ್ಕೂ ಹೊಲ, ಗದ್ದೆ, ಗುಡ್ಡ. ದೊಡ್ಡ ಊರುಗಳಿಲ್ಲ. ಪ್ರಯಾಣಿಕರು ಎಲ್ಲಿಂದ ಬರಬೇಕು?

ಕೊಬಾಯಾಶಿ ಪ್ರಶ್ನೆಯನ್ನೇ ತಿರುಗಿಸಿದ. ಜನರಿರುವಲ್ಲಿಗೆ ರೈಲು ಹೋಗುವುದು ಹಳೆಯ ಪದ್ಧತಿ. ರೈಲು ಇರುವಲ್ಲಿಗೆ ಜನರನ್ನು ತರಲಾಗದೇ ಎಂದು ಅವನು ಯೋಚಿಸಿದ. ಹಳಿ ಹಾಕುವ ಮೊದಲೇ ನಿಲ್ದಾಣಗಳ ಸುತ್ತಲ ಜಮೀನು ಕೊಂಡ. 1910ರಲ್ಲಿ ಇಕೆದಾ ನಿಲ್ದಾಣದ ಬಳಿ ಮನೆಗಳನ್ನು ಕಟ್ಟಿ, ಸಂಬಳದಾರರಿಗೆ ಹತ್ತು ವರ್ಷದ ಕಂತಿನ ಮೇಲೆ ಮಾರಿದ. ಒಸಾಕಾದ ಕಾರ್ಖಾನೆಗಳ ಹೊಗೆಯಲ್ಲಿ ಬೇಸತ್ತ ಗುಮಾಸ್ತರು, ಶಿಕ್ಷಕರು, ಬ್ಯಾಂಕಿನವರು ಅಲ್ಲಿಗೆ ಬಂದರು. ಬಂದವರೆಲ್ಲ ದಿನವೂ ರೈಲು ಹತ್ತಲೇಬೇಕಲ್ಲ!

ಆದರೆ ಇಲ್ಲೊಂದು ತೊಡಕು. ಬೆಳಿಗ್ಗೆ ಎಲ್ಲರೂ ಪಟ್ಟಣಕ್ಕೆ ಹೋಗುತ್ತಾರೆ. ಗಾಡಿ ತುಂಬಿ ಹೋಗುತ್ತದೆ, ಖಾಲಿಯಾಗಿ ಮರಳುತ್ತದೆ. ಸಂಜೆ ಇದರ ಉಲ್ಟಾ. ಖಾಲಿ ಗಾಡಿಗೂ ವಿದ್ಯುತ್ ಬೇಕು, ಚಾಲಕ ಬೇಕು, ಹಳಿ ಸವೆಯುತ್ತದೆ. ಅಂದರೆ ಖರ್ಚು ಎರಡು ಫೇರಿಯದು, ಗಳಿಕೆ ಒಂದು ಫೇರಿಯದು.

ಇದಕ್ಕೆ ಕೊಬಾಯಾಶಿ ಕಂಡುಕೊಂಡ ಉಪಾಯವೆಂದರೆ ಹಳಿಯ ಇನ್ನೊಂದು ತುದಿಯಲ್ಲೂ ಆಕರ್ಷಣೆ ಇರುವಂತೆ ಮಾಡುವುದು. 1911ರಲ್ಲಿ ತಾಕಾರಾಜುಕಾದಲ್ಲಿ ಸ್ನಾನಗೃಹಗಳ ವಿಹಾರಧಾಮ ತೆರೆದ. 1914ರಲ್ಲಿ ಅಲ್ಲೇ ಹುಡುಗಿಯರ ಗೀತನಾಟಕ ತಂಡದ ಮೊದಲ ಪ್ರದರ್ಶನ ನಡೆಯಿತು. ತಾಕಾರಾಜುಕಾ ತಂಡ ಇಂದಿಗೂ ಜಪಾನಿನಲ್ಲಿ ಪ್ರಸಿದ್ಧ. 1929ರಲ್ಲಿ ಪಟ್ಟಣದ ತುದಿಯಾದ ಉಮೆದಾ ನಿಲ್ದಾಣದಲ್ಲೇ ದೊಡ್ಡ ಬಹುಮಹಡಿ ಮಳಿಗೆ ಬಂತು. ಅದೇ ವರ್ಷ ಕ್ವಾನ್ಸೈ ಗಾಕುಇನ್ ಎಂಬ ವಿದ್ಯಾಸಂಸ್ಥೆ ಕೋಬೆ ನಗರದಿಂದ ಇದೇ ಕಂಪನಿಯ ಇನ್ನೊಂದು ಮಾರ್ಗದ ಸಮೀಪಕ್ಕೆ ಸ್ಥಳಾಂತರಗೊಂಡಿತು. ಬೆಳಿಗ್ಗೆ ನೌಕರರು ಪಟ್ಟಣಕ್ಕೆ, ವಿದ್ಯಾರ್ಥಿಗಳು ಪಟ್ಟಣದಿಂದ ಹೊರಕ್ಕೆ. ಎರಡೂ ಕಡೆ ಗಾಡಿ ತುಂಬಿತು. ತುಂಬಿದ್ದರಿಂದ ಹೆಚ್ಚು ಗಾಡಿಗಳನ್ನು ಓಡಿಸಲು ಸಾಧ್ಯವಾಯಿತು. ಹೆಚ್ಚು ಗಾಡಿಗಳು ಓಡಿದ್ದರಿಂದ ಇನ್ನೂ ಹೆಚ್ಚು ಜನ ನಿಲ್ದಾಣದ ಬಳಿ ಮನೆ ಮಾಡಿದರು. ಈ ಕಂಪನಿಯೇ ಇಂದಿನ ಹಾನ್‌ಕ್ಯು ರೈಲ್ವೆ.

ಈಗ ಗಂಗೂಬಾಯಿಯವರನ್ನು ಮತ್ತೆ ನೆನೆಯಿರಿ. ಕೊಬಾಯಾಶಿ ಹಣ ಹಾಕಿ ಸೃಷ್ಟಿಸಿದ ಎದುರು ದಿಕ್ಕಿನ ಪ್ರಯಾಣಿಕರನ್ನು ಕುಂದಗೋಳದಲ್ಲಿ ಒಬ್ಬ ಗುರುವಿನ ವಿದ್ಯೆ ತಾನಾಗಿಯೇ ಸೃಷ್ಟಿಸಿತ್ತು. ನಮ್ಮಲ್ಲಿ ಹುಬ್ಬಳ್ಳಿ–ಧಾರವಾಡದ ನಡುವೆಯೂ ಇಂಥ ಎರಡು ದಿಕ್ಕಿನ ಹರಿವು ಸಹಜವಾಗಿದೆ. ಧಾರವಾಡದಲ್ಲಿ 1917ರಿಂದ ಕರ್ನಾಟಕ ಕಾಲೇಜು, ನಂತರ ವಿಶ್ವವಿದ್ಯಾಲಯ. ಹುಬ್ಬಳ್ಳಿಯಲ್ಲಿ ವ್ಯಾಪಾರ, ರೈಲ್ವೆ. ಓದುವವರು ಅತ್ತ, ದುಡಿಯುವವರು ಇತ್ತ. ಕುಂದಗೋಳದ ದಿಕ್ಕಿನಲ್ಲಿ ಮಾತ್ರ ಹರಿವು ಬಹುಮಟ್ಟಿಗೆ ಒಂದೇ ಕಡೆ, ಹುಬ್ಬಳ್ಳಿಯ ಕಡೆ. ಅದು ಸಮಸ್ಯೆಯ ಮೊದಲ ಗಂಟು.

ಒಂಟಿ ಹಳಿಯ ಲೆಕ್ಕ

ಎರಡನೆಯ ಗಂಟು ಹಳಿಯಲ್ಲಿದೆ. ‘ಗಾಡಿ ಕ್ರಾಸಿಂಗ್ ಬಿದ್ದಿದೆ’ ಎಂಬ ಮಾತನ್ನು ನಮ್ಮ ಕಡೆ ರೈಲಿನಲ್ಲಿ ಓಡಾಡಿದ ಪ್ರತಿಯೊಬ್ಬರೂ ಕೇಳಿದ್ದಾರೆ. ಹಾಗೆಂದರೇನು?

ಒಂದೇ ಜೋಡಿ ಹಳಿಯಿರುವ ಮಾರ್ಗವನ್ನು ಸಿಂಗಲ್ ಲೈನ್ ಎನ್ನುತ್ತೇವೆ. ಎದುರುಬದುರಾಗಿ ಬರುವ ಗಾಡಿಗಳೂ ಅದೇ ಹಳಿಯ ಮೇಲೆ ಬರಬೇಕು. ಆದ್ದರಿಂದ ಎರಡು ನಿಲ್ದಾಣಗಳ ನಡುವಿನ ಹಳಿಯನ್ನು ಒಂದು ‘ಬ್ಲಾಕ್’ ಎಂದು ಕರೆದು, ಅದರೊಳಗೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕೆಂಬ ನಿಯಮ ಮಾಡಿದ್ದಾರೆ. ಹಿಂದೆ ಇದಕ್ಕೆ ಟೋಕನ್ ಪದ್ಧತಿ ಇತ್ತು. ಕಬ್ಬಿಣದ ಒಂದು ಗುಂಡು. ಅದನ್ನು ಚರ್ಮದ ಚೀಲದಲ್ಲಿಟ್ಟು, ದೊಡ್ಡ ಬಳೆಯಂಥ ಹಿಡಿಕೆಗೆ ಕಟ್ಟಿ, ಚಾಲಕನ ಕೈಗೆ ಕೊಡುತ್ತಿದ್ದರು. ಎರಡೂ ನಿಲ್ದಾಣಗಳ ಟೋಕನ್ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಬಿಗಿದುಕೊಂಡಿರುತ್ತಿದ್ದವು. ಒಂದು ಗುಂಡು ಹೊರಗೆ ಬಂತೆಂದರೆ, ಅದು ಯಾವುದಾದರೊಂದು ಯಂತ್ರಕ್ಕೆ ಮರಳುವವರೆಗೆ ಎರಡನೆಯ ಗುಂಡು ಹೊರಗೆ ಬರುವಂತಿರಲಿಲ್ಲ. ಗುಂಡು ಕೈಯಲ್ಲಿಲ್ಲದೆ ಚಾಲಕ ಆ ಬ್ಲಾಕಿಗೆ ಹೋಗುವಂತಿರಲಿಲ್ಲ. ಎಷ್ಟು ಸರಳ, ಎಷ್ಟು ಭದ್ರ! ಟೋಕನ್ನಿನ ಜಾಗದಲ್ಲಿ ಈಗ ಬೇರೆ ಉಪಕರಣಗಳು ಬಂದಿವೆ, ತತ್ತ್ವ ಬದಲಾಗಿಲ್ಲ.

ಒಂದು ಸುಲಭದ ಲೆಕ್ಕ ಮಾಡಿ. ಎರಡು ನಿಲ್ದಾಣಗಳ ನಡುವೆ 10 ಕಿ.ಮೀ. ಎಂದುಕೊಳ್ಳಿ. ಗಾಡಿಯ ವೇಗ ಗಂಟೆಗೆ 60 ಕಿ.ಮೀ. ಬ್ಲಾಕ್ ದಾಟಲು 10 ನಿಮಿಷ. ಮುಂದಿನ ಗಾಡಿಗೆ ದಾರಿ ಬಿಡಲು, ಸಿಗ್ನಲ್ ಕೊಡಲು 5 ನಿಮಿಷ ಸೇರಿಸಿ. ಒಟ್ಟು 15 ನಿಮಿಷ. ಅಂದರೆ ಗಂಟೆಗೆ ನಾಲ್ಕೇ ಗಾಡಿ, ಅದೂ ಎರಡೂ ದಿಕ್ಕು ಸೇರಿ. ಇದರಲ್ಲಿ ದೂರದೂರಿನ ಎಕ್ಸ್‌ಪ್ರೆಸ್ಸುಗಳು ಬರಬೇಕು, ಗೂಡ್ಸ್ ಗಾಡಿಗಳು ಬರಬೇಕು. ಉಳಿದ ಜಾಗದಲ್ಲಿ ನಿಮ್ಮ ಪ್ಯಾಸೆಂಜರ್. ಎಕ್ಸ್‌ಪ್ರೆಸ್ ತಡವಾದರೆ ಪ್ಯಾಸೆಂಜರ್ ಗಾಡಿಯನ್ನು ಪಕ್ಕದ ಲೂಪ್ ಹಳಿಗೆ ಸರಿಸಿ ನಿಲ್ಲಿಸುತ್ತಾರೆ. ತಡವಾದದ್ದು ಇನ್ನೊಂದು ಗಾಡಿ, ಮೊದಲ ಪಿರಿಯಡ್ ತಪ್ಪಿದ್ದು ನಿಮಗೆ!

ಈಗ ಎರಡನೆಯ ಜೋಡಿ ಹಳಿ ಹಾಕಿ. ಹೋಗಲು ಒಂದು, ಬರಲು ಒಂದು. ಅದೇ ಲೆಕ್ಕದಲ್ಲಿ ಪ್ರತಿ ದಿಕ್ಕಿಗೂ ಗಂಟೆಗೆ ನಾಲ್ಕು, ಒಟ್ಟು ಎಂಟು. ಸಂಖ್ಯೆ ಇಮ್ಮಡಿಯಾದದ್ದು ಅರ್ಧ ಲಾಭ ಮಾತ್ರ. ಎದುರಿನ ಗಾಡಿಗಾಗಿ ಕಾಯುವುದೇ ತಪ್ಪಿತಲ್ಲ, ಅದು ದೊಡ್ಡ ಲಾಭ. ಇನ್ನೂ ಮುಂದೆ ಹೋಗಿ ಬ್ಲಾಕನ್ನು ಚಿಕ್ಕಚಿಕ್ಕ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ತಾನಾಗಿ ಬದಲಾಗುವ ಸಿಗ್ನಲ್ ಹಾಕಿದರೆ ಒಂದರ ಹಿಂದೆ ಒಂದು ಗಾಡಿ ಬಿಡಬಹುದು. ಮುಂಬಯಿ ಲೋಕಲ್‌ಗಳು ಮೂರು–ನಾಲ್ಕು ನಿಮಿಷಕ್ಕೊಂದು ಓಡುವ ಗುಟ್ಟು ಇದೇ.

ನಮ್ಮ ಹುಬ್ಬಳ್ಳಿ–ಬೆಂಗಳೂರು ಮಾರ್ಗದಲ್ಲಿ ದೊಡ್ಡ ಬದಲಾವಣೆಗಳು ಆಗಿವೆ. 1990ರ ದಶಕದಲ್ಲಿ ಒಂದು ಮೀಟರ್ ಅಗಲದ ಹಳಿ ಹೋಗಿ 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಬಂತು. ಇತ್ತೀಚಿನ ವರ್ಷಗಳಲ್ಲಿ ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ ಸುಮಾರು 190 ಕಿ.ಮೀ. ಜೋಡಿ ಮಾರ್ಗವಾಯಿತು, ವಿದ್ಯುದೀಕರಣವೂ ಆಯಿತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಇದೇ ಹಳಿಯ ಮೇಲೆ ಓಡತೊಡಗಿತು.

ಎರೆ ಭೂಮಿಯಲ್ಲಿ ಹಳಿ ಹಾಕುವುದು ಸುಲಭವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಿಮ್ಮ ಹೊಲದ ಬಿರುಕಿನಲ್ಲಿ ಕೈ ಇಳಿಯುವುದನ್ನು ನೋಡಿದ್ದೀರಲ್ಲ? ಅದರ ಮೇಲೆ ನೇರವಾಗಿ ಜಲ್ಲಿ ಸುರಿದರೆ ಮಳೆಗಾಲದಲ್ಲಿ ಜಲ್ಲಿ ಕೆಸರಿನಲ್ಲಿ ಹೂತು, ಹಳಿ ಏರುಪೇರಾಗುತ್ತದೆ. ಆದ್ದರಿಂದ ಮಣ್ಣಿನ ಏರಿಗೂ ಜಲ್ಲಿಗೂ ನಡುವೆ ಮರಳು ಮಿಶ್ರಿತ ಗರಸಿನಂಥ ಒಂದು ಪದರ ಹಾಸುತ್ತಾರೆ. ಎಂಜಿನಿಯರುಗಳು ಅದನ್ನು ‘ಬ್ಲಾಂಕೆಟ್’, ಅಂದರೆ ಕಂಬಳಿ, ಎನ್ನುತ್ತಾರೆ.

ನಿಲ್ಲುವುದಕ್ಕೂ ಬೆಲೆಯಿದೆ

ಹಳಿ ಎರಡಾದರೆ ಸಾಕೇ? ಸಾಲದು. ಜೋಡಿ ಹಳಿಯ ಮೇಲೆ ವೇಗದ ಗಾಡಿಗಳು ಮಾತ್ರ ಹೆಚ್ಚಾಗಿ, ಸಣ್ಣ ನಿಲ್ದಾಣದಲ್ಲಿ ಅವು ನಿಲ್ಲದೇ ಹೋದರೆ, ಅಲ್ಲಿ ಕಾದು ನಿಂತವರಿಗೆ ಸಿಗುವುದು ಗಾಳಿ ಮತ್ತು ದೂಳು. ‘ಎಲ್ಲ ಗಾಡಿಯನ್ನೂ ಎಲ್ಲ ಕಡೆ ನಿಲ್ಲಿಸಿ’ ಎಂದು ನಾವು ಕೇಳುತ್ತೇವೆ. ರೈಲ್ವೆಯವರು ಒಪ್ಪುವುದಿಲ್ಲ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಯಾಕೆಂದರೆ ನಿಲ್ಲುವುದಕ್ಕೆ ಒಂದು ಬೆಲೆಯಿದೆ. ನಿಮ್ಮ ಭೌತಶಾಸ್ತ್ರದ ಸೂತ್ರಗಳಿಂದಲೇ ಅದನ್ನು ಅಳೆಯಬಹುದು.

ಗಂಟೆಗೆ 72 ಕಿ.ಮೀ. ಎಂದರೆ ಸೆಕೆಂಡಿಗೆ 20 ಮೀಟರ್. ಭಾರವಾದ ಒಂದು ಗಾಡಿಯ ವೇಗೋತ್ಕರ್ಷ 0.2 ಮೀ./ಸೆ.² ಎಂದುಕೊಳ್ಳಿ. ಆ ವೇಗ ಮುಟ್ಟಲು 100 ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ 1,000 ಮೀಟರ್ ಹೋಗಿರುತ್ತದೆ. ನಿಲ್ಲದೆ ಓಡಿದ್ದರೆ ಆ ದೂರಕ್ಕೆ 50 ಸೆಕೆಂಡು ಸಾಕಿತ್ತು. ಅಂದರೆ ಹೊರಡುವಾಗಲೇ 50 ಸೆಕೆಂಡು ನಷ್ಟ. ಇನ್ನೊಂದು ಗಾಡಿಯ ವೇಗೋತ್ಕರ್ಷ 0.5 ಮೀ./ಸೆ.² ಇದ್ದರೆ? 40 ಸೆಕೆಂಡು, 400 ಮೀಟರ್, ನಷ್ಟ 20 ಸೆಕೆಂಡು ಮಾತ್ರ. ಒಂದು ನಿಲುಗಡೆಗೆ ಅರ್ಧ ನಿಮಿಷ ಉಳಿಯಿತು. ಹತ್ತು ನಿಲುಗಡೆಗೆ ಐದು ನಿಮಿಷ.

ಈ ಎರಡನೆಯ ಬಗೆಯ ಗಾಡಿಯೇ ಮೆಮು. ಮಾಮೂಲು ಗಾಡಿಯಲ್ಲಿ ಎಳೆಯುವುದು ಎಂಜಿನ್ ಒಂದೇ. ಅದರ ಚಕ್ರಗಳಿಗೆ ಮಾತ್ರ ಶಕ್ತಿ. ಮೆಮುದಲ್ಲಿ ಕೆಲವು ಡಬ್ಬಿಗಳ ಅಡಿಯಲ್ಲೇ ಮೋಟಾರುಗಳಿರುತ್ತವೆ. ಗಾಡಿಯ ಉದ್ದಕ್ಕೂ ಹಂಚಿಹೋದ ಚಕ್ರಗಳು ಹಳಿಯನ್ನು ಹಿಡಿದು ತಳ್ಳುತ್ತವೆ. ಅದಕ್ಕೇ ಬೇಗ ವೇಗ ಸಿಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಅದರ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುತ್ತದೆ. ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ, ಸುತ್ತು ಹಾಕಿಸಿ, ಇನ್ನೊಂದು ತುದಿಗೆ ಜೋಡಿಸುವ ಕೆಲಸವಿಲ್ಲ. ಚಾಲಕ ಈ ತುದಿಯಿಂದ ಆ ತುದಿಗೆ ನಡೆದರೆ ಗಾಡಿ ಮರಳಲು ಸಿದ್ಧ.

ಪ್ಲಾಟ್‌ಫಾರ್ಮಿನ ಎತ್ತರವೂ ವೇಳೆಯನ್ನು ಉಳಿಸುತ್ತದೆ. ನೆಲಮಟ್ಟದ ಪ್ಲಾಟ್‌ಫಾರ್ಮಿನಿಂದ ಅಜ್ಜಿಯೊಬ್ಬರು ಚೀಲ ಹಿಡಿದು ಮೆಟ್ಟಿಲು ಹತ್ತುವುದನ್ನು ನೋಡಿ. ಎತ್ತರದ ಪ್ಲಾಟ್‌ಫಾರ್ಮಿನಲ್ಲಿ ಅದೇ ಕೆಲಸ ಬೇಗ ಆಗುತ್ತದೆ. ಜಪಾನಿನಲ್ಲಿ ಪ್ಲಾಟ್‌ಫಾರ್ಮನ್ನು ಡಬ್ಬಿಯ ನೆಲಕ್ಕೆ ಹೆಚ್ಚುಕಡಿಮೆ ಸಮಮಾಡಿ, ಬಾಗಿಲು ಎಲ್ಲಿ ಬರುತ್ತದೆಂದು ನೆಲದ ಮೇಲೆ ಗುರುತು ಹಾಕಿರುತ್ತಾರೆ. ಜನ ಅಲ್ಲೇ ಸಾಲು ನಿಲ್ಲುತ್ತಾರೆ.

ಮನೆಯಿಂದ ಸ್ಟೇಶನ್ನಿಗೆ

ಇನ್ನು ಮೂರನೆಯ ಗಂಟು. ಯರಗುಪ್ಪಿಯಂಥ ಊರಿನಿಂದ ಕುಂದಗೋಳದ ಸ್ಟೇಶನ್ನಿಗೆ ಬರುವುದು ಹೇಗೆ? ರೈಲಿಗೆ 20 ನಿಮಿಷ ಹಿಡಿದು, ರೈಲಿನವರೆಗೆ ಬರಲು ಒಂದು ಗಂಟೆ ಹಿಡಿದರೆ ಏನು ಪ್ರಯೋಜನ? ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ರಸ್ತೆಗಳ ಗತಿ ಏನಾಗುತ್ತದೆ ಎಂಬುದು ಈ ಭಾಗದವರಿಗೆ ಹೇಳಬೇಕಿಲ್ಲ.

ಇಲ್ಲಿಯೂ ಒಂದು ಲೆಕ್ಕವಿದೆ. ಹದಿನೈದು ನಿಮಿಷ ನಡೆದರೆ ಸುಮಾರು 1.2 ಕಿ.ಮೀ. ಅದೇ ಹದಿನೈದು ನಿಮಿಷ ಸೈಕಲ್ ತುಳಿದರೆ ಸುಮಾರು 4 ಕಿ.ಮೀ. ವೃತ್ತದ ಕ್ಷೇತ್ರಫಲ ತ್ರಿಜ್ಯದ ವರ್ಗಕ್ಕೆ ಅನುಗುಣ ಎಂಬುದು ನಿಮಗೆ ಗೊತ್ತು. 1.2ರ ವರ್ಗ 1.44, 4ರ ವರ್ಗ 16. ಹಾಗಾದರೆ ಸೈಕಲ್ ನಿಲ್ಲಿಸಲು ಭದ್ರವಾದ ಜಾಗವೊಂದಿದ್ದರೆ, ಅದೇ ಹದಿನೈದು ನಿಮಿಷದಲ್ಲಿ ನಿಲ್ದಾಣದ ವ್ಯಾಪ್ತಿಗೆ ಬರುವ ಪ್ರದೇಶ ಹನ್ನೊಂದು ಪಟ್ಟು ಹಿಗ್ಗುತ್ತದೆ! ಜಪಾನಿನ ಉಪನಗರ ನಿಲ್ದಾಣಗಳ ಪಕ್ಕದಲ್ಲಿ ಸಾವಿರಾರು ಸೈಕಲ್ಲುಗಳು ನಿಂತಿರುವುದು ಇದಕ್ಕೇ. ಇನ್ನೂ ದೂರದವರಿಗೆ ಬಸ್ಸು ಬೇಕು. ಅದು ಗಾಡಿಯ ವೇಳೆಗೆ ಹೊಂದಿಕೊಂಡಿರಬೇಕು. ಗಾಡಿ ಹೋದ ಐದು ನಿಮಿಷಕ್ಕೆ ಬರುವ ಬಸ್ಸು ಇದ್ದೂ ಇಲ್ಲದಂತೆ.

ದರದ ಮಾತನ್ನೂ ಬಿಡುವಂತಿಲ್ಲ. 2020ರ ಕೋವಿಡ್ ಕಾಲದಲ್ಲಿ ನಿಂತಿದ್ದ ಪ್ಯಾಸೆಂಜರ್ ಗಾಡಿಗಳಲ್ಲಿ ಅನೇಕವು ಮತ್ತೆ ಶುರುವಾದಾಗ ಎಕ್ಸ್‌ಪ್ರೆಸ್ ದರದಲ್ಲಿ ಓಡಿದವು. ಕನಿಷ್ಠ ಟಿಕೆಟ್ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯ ಕೊನೆಯಲ್ಲಿ. ಅದರ ನಡುವೆ, 2023ರ ಜೂನ್ 11ರಿಂದ, ಕರ್ನಾಟಕದಲ್ಲಿ ಮಹಿಳೆಯರಿಗೆ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಬಂತು. ಎಷ್ಟೋ ಹೆಣ್ಣುಮಕ್ಕಳಿಗೆ ಇದು ಕಾಲೇಜಿನ ಬಾಗಿಲು ತೆರೆಯಿತು. ಒಳ್ಳೆಯದೇ ಆಯಿತು. ಆದರೆ ಬಸ್ಸು ರೈಲಿನ ಎದುರಾಳಿಯಾಗಬೇಕಿಲ್ಲ. ಹಳ್ಳಿಯಿಂದ ನಿಲ್ದಾಣಕ್ಕೆ ಬಸ್ಸು, ನಿಲ್ದಾಣದಿಂದ ಪಟ್ಟಣಕ್ಕೆ ರೈಲು ಎಂದಾದರೆ ಎರಡೂ ಒಂದೇ ದಾರಿಯ ಎರಡು ತುಂಡುಗಳಾಗುತ್ತವೆ.

ದೊಡ್ಡ ಪ್ಲಾಟ್‌ಫಾರ್ಮ್, ಸಣ್ಣ ಸ್ಟೇಶನ್

2023ರ ಮಾರ್ಚ್ 12ರಂದು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಉದ್ಘಾಟನೆಯಾಯಿತು. ಜಗತ್ತಿನಲ್ಲೇ ಅತಿ ಉದ್ದದ್ದು ಎಂಬ ಕೀರ್ತಿ ಅದರದು. ಮೊದಲು ಆ ಕೀರ್ತಿ ಗೋರಖಪುರಕ್ಕಿತ್ತು. ಈ ತುದಿಯಿಂದ ಆ ತುದಿಗೆ ನಡೆಯಲು ಸುಮಾರು 18 ನಿಮಿಷ ಬೇಕು. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಉದ್ದದ ಗಾಡಿಗಳನ್ನು ನಿಲ್ಲಿಸಿ, ಎರಡು ದಿಕ್ಕಿಗೂ ಬಿಡಬಹುದೆಂಬುದು ಅದರ ನಿಜವಾದ ಉಪಯೋಗ. ನಾವು ಹೆಮ್ಮೆಪಡಬೇಕಾದದ್ದೇ.

ಆದರೆ ಅಲ್ಲಿಂದ 20 ಕಿ.ಮೀ. ದೂರದ ಕುಂದಗೋಳದಲ್ಲಿ ಕಾದು ನಿಂತ ಹುಡುಗಿಗೆ 1,507 ಮೀಟರ್ ಬೇಕಿಲ್ಲ. ಅವಳಿಗೆ ಬೇಕಾದದ್ದು ಬೆಳಗಿನ ಪಿರಿಯಡ್ಡಿಗೆ ಮುಟ್ಟಿಸುವ ಒಂದು ಗಾಡಿ, ಅದು ತಪ್ಪಿದರೆ ಅರ್ಧ ಗಂಟೆಯೊಳಗೆ ಇನ್ನೊಂದು, ಸಂಜೆ ಕತ್ತಲಾಗುವ ಮೊದಲು ಮನೆ ಸೇರಿಸುವ ಮತ್ತೊಂದು, ನಿಲ್ದಾಣದಲ್ಲಿ ಬೆಳಕು, ಶೌಚಾಲಯ, ಹೊರಗೆ ಕಾಯುವ ಬಸ್ಸು. ಇಷ್ಟೇ.

ಬೆಂಗಳೂರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. ಅಲ್ಲಿಗೆ ರೈಲು ಬಂದದ್ದು 1864ರಲ್ಲಿ. ನಗರದ ಉಪನಗರ ರೈಲು ಯೋಜನೆಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2020ರಲ್ಲಿ, ಶಂಕುಸ್ಥಾಪನೆಯಾದದ್ದು 2022ರ ಜೂನ್‌ನಲ್ಲಿ. ಸುಮಾರು 148 ಕಿ.ಮೀ., ನಾಲ್ಕು ಮಾರ್ಗಗಳು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಅವುಗಳ ಹೆಸರು. ಹಳಿ ಬಂದು ಒಂದೂವರೆ ಶತಮಾನ ಕಳೆದ ಮೇಲೆ, ದಿನವೂ ಹೋಗಿಬರುವವರಿಗಾಗಿಯೇ ಪ್ರತ್ಯೇಕ ಹಳಿ ಬೇಕೆಂಬುದು ಅಲ್ಲಿ ನಿರ್ಧಾರವಾಯಿತು.

ಜಪಾನಿನಲ್ಲಿ ಎಲ್ಲವೂ ಸರಿಯಿದೆ ಎಂದೂ ತಿಳಿಯಬೇಡಿ. ಟೋಕಿಯೋದ ಶಿಂಜುಕು ನಿಲ್ದಾಣವನ್ನು ದಿನಕ್ಕೆ ಲಕ್ಷಾಂತರ ಜನ ಬಳಸುತ್ತಾರೆ. ಜನದಟ್ಟಣೆ ಅಲ್ಲಿ ಹಳೆಯ ರೋಗ. ಅದೇ ದೇಶದ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಜನ ಹಳ್ಳಿ ಬಿಟ್ಟಂತೆ ನಿಲ್ದಾಣಗಳು ಮುಚ್ಚುತ್ತಿವೆ. 2016ರ ಮಾರ್ಚ್‌ನಲ್ಲಿ ಕ್ಯು-ಶಿರಾತಾಕಿ ಎಂಬ ಪುಟ್ಟ ನಿಲ್ದಾಣ ಮುಚ್ಚಿತು. ಅದರ ಕೆಲವೇ ಖಾಯಂ ಪ್ರಯಾಣಿಕರಲ್ಲಿ ಒಬ್ಬಳು ಹೈಸ್ಕೂಲು ವಿದ್ಯಾರ್ಥಿನಿ. ಅವಳೊಬ್ಬಳಿಗಾಗಿಯೇ ಅದನ್ನು ತೆರೆದಿಟ್ಟಿದ್ದರೆಂದು ಜಗತ್ತಿನಲ್ಲೆಲ್ಲ ಹಬ್ಬಿದ ಸುದ್ದಿ ಉತ್ಪ್ರೇಕ್ಷೆಯದು. ಆದರೆ ಅದರ ಹಿಂದಿನ ಸತ್ಯ ಬೇರೆ: ಹತ್ತುವವರು ಇಲ್ಲದಾದರೆ ನಿಲ್ದಾಣ ಸಾಯುತ್ತದೆ, ಗಾಡಿ ಸರಿಯಾದ ಹೊತ್ತಿಗೆ ನಿಲ್ಲದಿದ್ದರೆ ಹತ್ತುವವರು ಇಲ್ಲದಾಗುತ್ತಾರೆ.

ನೀವೇ ಮಾಡಿ ನೋಡಿ

ಒಂದು ವಾರ ನಿಮ್ಮ ಹತ್ತಿರದ ನಿಲ್ದಾಣಕ್ಕೆ ಹೋಗಿ. ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಸಂಜೆ ನಾಲ್ಕರಿಂದ ಏಳರವರೆಗೆ ಯಾವ ಗಾಡಿ ನಿಂತಿತು, ಎಷ್ಟು ತಡವಾಯಿತು, ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ವಹಿಯಲ್ಲಿ ಬರೆದುಕೊಳ್ಳಿ. ಹಳಿ ದಾಟಬೇಡಿ, ಪ್ಲಾಟ್‌ಫಾರ್ಮ್ ಟಿಕೆಟ್ ಮರೆಯಬೇಡಿ. ನಿಮ್ಮ ತರಗತಿಯಲ್ಲಿ ಎಷ್ಟು ಜನ ಹೊರಗಿನಿಂದ ಬರುತ್ತಾರೆ, ಯಾವ ಹೊತ್ತಿಗೆ ಗಾಡಿ ಇದ್ದರೆ ರೈಲಿನಲ್ಲಿ ಬರುತ್ತಾರೆ ಎಂದು ಕೇಳಿ. ಎರಡನ್ನೂ ಒಂದೇ ನಕ್ಷೆಯಲ್ಲಿ ಗೆರೆ ಎಳೆದು ತೋರಿಸಿ.

ಗಾಡಿ ಬರುವ ಹೊತ್ತಿನ ಗೆರೆಯೂ ಜನಕ್ಕೆ ಬೇಕಾದ ಹೊತ್ತಿನ ಗೆರೆಯೂ ಎಲ್ಲಿ ಬೇರೆಯಾಗುತ್ತವೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ‘ನಮ್ಮ ಊರಿಗೆ ಗಾಡಿ ನಿಲ್ಲಿಸಿ’ ಎಂಬ ಮನವಿಗಿಂತ, ‘ಇಂಥ ಹೊತ್ತಿಗೆ ಇಷ್ಟು ಜನರಿದ್ದಾರೆ, ನೋಡಿ’ ಎಂಬ ಹಾಳೆಗೆ ಹೆಚ್ಚು ತೂಕವಿದೆ. ಕೊಬಾಯಾಶಿಯೂ ಮೊದಲು ಮಾಡಿದ್ದು ಲೆಕ್ಕವೇ.

ಸಣ್ಣ ಊರಿನಲ್ಲಿ ಒಬ್ಬ ಗುರು, ಹೋಗಲು ಒಂದು ಗಾಡಿ, ಬರಲು ಒಂದು ಗಾಡಿ. ಇಷ್ಟರಿಂದ ಕನ್ನಡ ನಾಡಿಗೆ ಎಂಥ ಕಂಠ ದಕ್ಕಿತು ಎಂಬುದು ನಮಗೆ ಗೊತ್ತಿದೆ. ಯರಗುಪ್ಪಿಯಲ್ಲಿ, ಸಂಶಿಯಲ್ಲಿ, ಗುಡಗೇರಿಯಲ್ಲಿ ಈ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ಹೊರಟವರಲ್ಲಿ ಯಾರ ಒಳಗೆ ಏನಿದೆಯೋ ಯಾರಿಗೆ ಗೊತ್ತು? ಅವರಿಗೆ ಗಾಡಿ ಸಿಗಬೇಕು, ಅಷ್ಟೆ.